ಹೆಸರಿಲ್ಲದ ಆಕೃತಿಗಳ ಅಳತೆ

ಹೈಸ್ಕೂಲಿನ ರೇಖಾಗಣಿತದ ಪುಸ್ತಕವನ್ನು ತೆರೆದರೆ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಂದು ಚೌಕ, ಅದರ ನಾಲ್ಕು ಬದಿಗಳನ್ನೂ ಮುಟ್ಟುವಂತೆ ಒಳಗೆ ಒಂದು ವೃತ್ತ, ವೃತ್ತಕ್ಕೂ ಚೌಕಕ್ಕೂ ನಡುವೆ ಉಳಿದ ನಾಲ್ಕು ಮೂಲೆಗಳಲ್ಲಿ ಒತ್ತಾಗಿ ಎಳೆದ ಓರೆಗೆರೆಗಳು. ಕೆಳಗೆ ಒಂದೇ ಸಾಲು: ‘ಛಾಯೆಗೊಳಿಸಿದ ಭಾಗದ ವಿಸ್ತೀರ್ಣವನ್ನು ಕಂಡುಹಿಡಿಯಿರಿ.’

ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆ ಸೂತ್ರ ಯಾವುದು?’ ಎಂಬುದು. ಚೌಕಕ್ಕೆ ಸೂತ್ರವಿದೆ, ತ್ರಿಭುಜಕ್ಕೆ ಇದೆ, ವೃತ್ತಕ್ಕೂ ಇದೆ. ಆದರೆ ಎರಡು ಕಡೆ ನೇರವಾಗಿ, ಒಂದು ಕಡೆ ಬಾಗಿ ನಿಂತ ಈ ಮೂಲೆಯ ತುಂಡಿಗೆ ಸೂತ್ರ ಹಾಗಿರಲಿ, ಪುಸ್ತಕದಲ್ಲಿ ಒಂದು ಹೆಸರು ಕೂಡ ಇಲ್ಲ. ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಹೋದ ವಿದ್ಯಾರ್ಥಿ ಇಲ್ಲಿ ಪೆನ್ನನ್ನು ಕೆಳಗಿಡುತ್ತಾನೆ. ‘ನನಗೆ ಗಣಿತ ಬರುವುದಿಲ್ಲ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವುದು ಇಂತಹ ಒಂದು ಚಿತ್ರದ ಮುಂದೆ. ಒಮ್ಮೆ ಹುಟ್ಟಿದ ಆ ಮಾತು ಸುಲಭವಾಗಿ ಮನೆ ಬಿಟ್ಟು ಹೋಗುವುದಿಲ್ಲ. ಮಗುವಿಗೆ ಬುದ್ಧಿ ಕಡಿಮೆಯೆಂದು ತಾಯಿತಂದೆಗಳೂ ನಂಬತೊಡಗುತ್ತಾರೆ.

ನಿಜವಾಗಿ ನೋಡಿದರೆ ಇಲ್ಲಿ ಬೇಕಾಗಿರುವುದು ಹೊಸ ಸೂತ್ರವಲ್ಲ. ನೋಡುವ ಒಂದು ಕ್ರಮ. ಹೆಸರಿಲ್ಲದ ಆಕೃತಿಯನ್ನು ಹೆಸರುಳ್ಳ ಆಕೃತಿಗಳ ಮೂಲಕ ಅಳೆಯಬೇಕು. ಗೆರೆ ಎಳೆದ ಭಾಗವನ್ನೇ ದಿಟ್ಟಿಸಿ ಕೂರುವ ಬದಲು, ಅದರ ಸುತ್ತ ಏನಿದೆ, ಅದು ಯಾವುದರಿಂದ ಏನನ್ನು ತೆಗೆದಾಗ ಉಳಿದದ್ದು ಎಂದು ಕೇಳಬೇಕು. ಇಷ್ಟೇ ಇಂದಿನ ನನ್ನ ಮಾತಿನ ಸಾರ. ಬಾನುಲಿಯಲ್ಲಿ ಕರಿಹಲಗೆಯಿಲ್ಲ, ಸೀಮೆಸುಣ್ಣವಿಲ್ಲ. ಆದುದರಿಂದ ಚಿತ್ರಗಳನ್ನು ನೀವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಕೈಗೆ ಸಿಕ್ಕುವಂತಿದ್ದರೆ ಒಂದೇ ಅಳತೆಯ ನಾಲ್ಕು ಬಳೆಗಳನ್ನು ಹತ್ತಿರ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಅವು ಬೇಕಾಗುತ್ತವೆ.

ಮೊದಲು ಎಲ್ಲರಿಗೂ ಪರಿಚಯವಿರುವ ಒಂದು ಲೆಕ್ಕ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ. ಅದರ ನಡುವೆ ಮನೆ. ಸುತ್ತಲೂ ಮೂರು ಅಡಿ ಜಾಗ ಬಿಟ್ಟಿದೆ. ಆ ಜಾಗಕ್ಕೆಲ್ಲ ಕಲ್ಲು ಹಾಸಬೇಕು. ಎಷ್ಟು ಚದರ ಅಡಿ? ಅವಸರದ ಲೆಕ್ಕ ಹೀಗಿರುತ್ತದೆ: ನಿವೇಶನದ ಸುತ್ತಳತೆ ೧೪೦ ಅಡಿ, ಅಗಲ ೩ ಅಡಿ, ಗುಣಿಸಿದರೆ ೪೨೦. ಕೇಳುವುದಕ್ಕೆ ಸರಿಯಾಗಿಯೇ ಇದೆ. ಈಗ ಇನ್ನೊಂದು ದಾರಿಯಲ್ಲಿ ಬನ್ನಿ. ಇಡೀ ನಿವೇಶನ ೧೨೦೦ ಚದರ ಅಡಿ. ಎರಡೂ ಕಡೆ ಮೂರು ಮೂರು ಅಡಿ ಕಳೆದರೆ ಮನೆಯ ಅಗಲ ೨೪ ಅಡಿ, ಉದ್ದ ೩೪ ಅಡಿ, ವಿಸ್ತೀರ್ಣ ೮೧೬. ಕಳೆದರೆ ಉಳಿಯುವುದು ೩೮೪. ಮೊದಲಿನ ಲೆಕ್ಕಕ್ಕೂ ಇದಕ್ಕೂ ೩೬ ಚದರ ಅಡಿ ವ್ಯತ್ಯಾಸ. ಆ ಮೂವತ್ತಾರು ಎಲ್ಲಿಂದ ಬಂತು? ನಾಲ್ಕು ಮೂಲೆಗಳಿಂದ. ಒಂದೊಂದು ಮೂಲೆಯಲ್ಲಿ ಮೂರು ಅಡಿಗೆ ಮೂರು ಅಡಿಯ ಚೌಕವೊಂದಿದೆ. ಅದು ಉದ್ದದ ಪಟ್ಟಿಗೂ ಸೇರಿತು, ಅಗಲದ ಪಟ್ಟಿಗೂ ಸೇರಿತು. ಒಂದೇ ಜಾಗವನ್ನು ಎರಡು ಸಲ ಎಣಿಸಿದೆವು. ಒಂಬತ್ತು ನಾಲ್ಕಲೆ ಮೂವತ್ತಾರು. ಚದರ ಅಡಿಗೆ ಇಷ್ಟೆಂದು ಹಣ ಕೊಡುವವರಿಗೆ ಈ ಮೂವತ್ತಾರು ಪುಸ್ತಕದ ಲೆಕ್ಕವಲ್ಲ, ಜೇಬಿನ ಲೆಕ್ಕ.

ಈ ಸಣ್ಣ ಉದಾಹರಣೆಯಲ್ಲಿ ಎರಡು ಪಾಠಗಳಿವೆ. ಒಂದು, ನಡುವಿನ ಪಟ್ಟಿಯನ್ನು ತುಂಡು ತುಂಡಾಗಿ ಅಳೆಯುವುದಕ್ಕಿಂತ ಹೊರಗಿನ ದೊಡ್ಡದರಿಂದ ಒಳಗಿನ ಚಿಕ್ಕದನ್ನು ಕಳೆಯುವುದು ಸುಲಭ, ಕ್ಷೇಮ. ಎರಡು, ಕೂಡಿಸುವಾಗ ಯಾವ ಜಾಗವೂ ಎರಡು ಸಲ ಬಂದಿಲ್ಲವೆಂದು ನೋಡಿಕೊಳ್ಳಬೇಕು. ಮುಂದೆ ಬರುವ ಲೆಕ್ಕಗಳೆಲ್ಲ ಈ ಎರಡರ ವಿಸ್ತಾರವೇ.

ಈಗ ಬಳೆಗಳಿಗೆ ಬರೋಣ. ನಾಲ್ಕು ಬಳೆಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ, ಒಂದಕ್ಕೊಂದು ತಾಗುವಂತೆ ಇಡಿ. ನಾಲ್ಕರ ನಡುವೆ ಒಂದು ಸಂದು ಉಳಿಯುತ್ತದೆ. ನಾಲ್ಕು ಚೂಪು ತುದಿಗಳು, ಒಳಕ್ಕೆ ಬಾಗಿದ ನಾಲ್ಕು ಬದಿಗಳು, ನಕ್ಷತ್ರದಂತಹ ಆಕಾರ. ಇದರ ವಿಸ್ತೀರ್ಣವೆಷ್ಟು?

ಈ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ. ನಮ್ಮ ನಾಡಿನಲ್ಲಿ ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ಇದನ್ನು ಕೇಳಿ, ಉತ್ತರವನ್ನೂ ಹೇಳಿದವರಿದ್ದಾರೆ. ಅವರೇ ಮಹಾವೀರಾಚಾರ್ಯರು. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಅವರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿ ಆ ದೊರೆಯ ಪ್ರಶಂಸೆಯಿದೆ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಜಗತ್ತಿಗೆ ಇದರ ಬೆಲೆ ತಿಳಿಯಿತು. ಇದರ ಕ್ಷೇತ್ರಗಣಿತದ ಭಾಗವನ್ನು ತೆರೆದರೆ ಬರಿಯ ಚೌಕ, ತ್ರಿಭುಜಗಳಲ್ಲ. ಜವೆಗೋಧಿಯ ಕಾಳಿನ ಆಕಾರ, ಮುರಜ ಪಣವಗಳೆಂಬ ವಾದ್ಯಗಳ ಆಕಾರ, ವಜ್ರಾಯುಧದ ಆಕಾರ, ಶಂಖದ ಆಕಾರ, ಚಕ್ರದ ಅಂಚಿನ ಪಟ್ಟಿಯಂತಹ ‘ನೇಮಿ’ಯ ಆಕಾರ, ಹೀಗೆ ಬಗೆಬಗೆಯ ಆಕೃತಿಗಳು ಸಾಲುಗಟ್ಟಿ ನಿಂತಿವೆ. ಹೆಸರಿಲ್ಲದ ಆಕೃತಿಗೆ ಮನೆಯ, ಹೊಲದ, ವಾದ್ಯದ ಹೆಸರನ್ನೇ ಇಟ್ಟು ಅಳತೆಗೆ ಒಗ್ಗಿಸಿಕೊಂಡರು. ನೇಮಿಗೆ ಅವರು ಹೇಳುವ ಕ್ರಮವೇನೆಂದರೆ, ಹೊರಗಿನ ಅಂಚು, ಒಳಗಿನ ಅಂಚು ಎರಡನ್ನೂ ಕೂಡಿಸಿ ಅರ್ಧ ಮಾಡಿ, ಅಗಲದಿಂದ ಗುಣಿಸುವುದು. ನಮ್ಮ ನಿವೇಶನದ ಪಟ್ಟಿಗೆ ಇದನ್ನು ಹಚ್ಚಿ ನೋಡಿ: ಹೊರಗೆ ೧೪೦, ಒಳಗೆ ೧೧೬, ಕೂಡಿಸಿ ಅರ್ಧ ಮಾಡಿದರೆ ೧೨೮, ಮೂರರಿಂದ ಗುಣಿಸಿದರೆ ೩೮೪. ಮೂಲೆಯ ತೊಡಕು ತಾನಾಗಿಯೇ ಬಿಟ್ಟುಹೋಯಿತು.

ಇನ್ನು ನಾಲ್ಕು ವೃತ್ತಗಳ ನಡುವಿನ ಸಂದು. ಮಹಾವೀರಾಚಾರ್ಯರ ಉತ್ತರ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ವ್ಯಾಸದ ವರ್ಗದಿಂದ ಒಂದು ವೃತ್ತದ ಸೂಕ್ಷ್ಮ ವಿಸ್ತೀರ್ಣವನ್ನು ಕಳೆಯಿರಿ. ಏಕೆ? ನಾಲ್ಕು ಬಳೆಗಳ ಕೇಂದ್ರಗಳನ್ನು ಗೆರೆಗಳಿಂದ ಸೇರಿಸಿ. ಒಂದು ಚೌಕವಾಯಿತು; ಅದರ ಬದಿ ಬಳೆಯ ವ್ಯಾಸದಷ್ಟು. ಆ ಚೌಕದೊಳಗೆ ಪ್ರತಿಯೊಂದು ಬಳೆಯ ಕಾಲುಭಾಗ ಬಂದಿದೆ. ನಾಲ್ಕು ಕಾಲುಗಳು ಸೇರಿದರೆ ಒಂದು ಪೂರ್ತಿ ವೃತ್ತ. ಅದನ್ನು ತೆಗೆದರೆ ಉಳಿಯುವುದೇ ಸಂದು. ಗುಂಡನೆಯ ದೊಡ್ಡ ಬಳೆಯೆಂದುಕೊಂಡು ವ್ಯಾಸ ೧೪ ಸೆಂಟಿಮೀಟರ್ ಎನ್ನೋಣ. ಚೌಕ ೧೯೬ ಚದರ ಸೆಂಟಿಮೀಟರ್. ವೃತ್ತಕ್ಕೆ ೨೨/೭ ಹಿಡಿದರೆ ೧೫೪. ಉಳಿದದ್ದು ೪೨. ಪುಸ್ತಕದ ಮೊದಲ ಚಿತ್ರವನ್ನು, ಎಂದರೆ ಚೌಕದೊಳಗಿನ ವೃತ್ತವನ್ನು, ಈಗ ನೆನೆಸಿಕೊಳ್ಳಿ. ಅಲ್ಲಿ ನಾಲ್ಕು ಮೂಲೆಗಳಲ್ಲಿ ಚದರಿ ಹೋಗಿದ್ದ ತುಂಡುಗಳೇ ಇಲ್ಲಿ ನಡುವೆ ಒಟ್ಟುಗೂಡಿ ನಕ್ಷತ್ರವಾಗಿವೆ. ಚಿತ್ರ ಬೇರೆ, ಲೆಕ್ಕ ಒಂದೇ.

ಇಲ್ಲಿ ‘ಸೂಕ್ಷ್ಮ’ ಎಂಬ ಮಾತನ್ನು ಗಮನಿಸಬೇಕು. ಆ ಕಾಲದಲ್ಲಿ ದಿನಬಳಕೆಗೆ ವೃತ್ತದ ಪರಿಧಿ ವ್ಯಾಸದ ಮೂರರಷ್ಟು ಎಂದು ಹಿಡಿಯುತ್ತಿದ್ದರು. ಸೂಕ್ಷ್ಮ ಗಣಿತಕ್ಕೆ ಹತ್ತರ ವರ್ಗಮೂಲ, ಸುಮಾರು ೩.೧೬, ಹಿಡಿಯುತ್ತಿದ್ದರು. ಮೂರನ್ನೇ ಹಿಡಿದರೆ ನಮ್ಮ ವೃತ್ತ ೧೪೭ ಆಗುತ್ತದೆ. ೧೫೪ಕ್ಕೆ ಏಳು ಕಡಿಮೆ. ಇಪ್ಪತ್ತೆರಡರಲ್ಲಿ ಒಂದು ಪಾಲು ತಪ್ಪು. ಕಣದ ರಾಶಿಯಂತಹ ಲೆಕ್ಕಕ್ಕೆ ಅದು ಸಾಕೆನ್ನಬಹುದು. ಆದರೆ ಸಂದಿನ ವಿಸ್ತೀರ್ಣ ೪೨ರ ಬದಲು ೪೯ ಆಗುತ್ತದೆ. ಆರರಲ್ಲಿ ಒಂದು ಪಾಲು ತಪ್ಪು! ತಪ್ಪು ಅದೇ ಏಳು. ಆದರೆ ದೊಡ್ಡದರಲ್ಲಿ ಮರೆಯಾಗಿದ್ದ ಏಳು, ಉಳಿದ ಚಿಕ್ಕದರ ಮೇಲೆ ಪೂರ್ತಿ ಬಂದು ಕೂರುತ್ತದೆ. ಹತ್ತರ ವರ್ಗಮೂಲ ಹಿಡಿದರೆ ಸುಮಾರು ೪೧ ಬರುತ್ತದೆ. ನಿಜಕ್ಕೆ ಬಹಳ ಹತ್ತಿರ. ಕಳೆಯುವ ಲೆಕ್ಕದಲ್ಲಿ ಉಳಿಕೆ ಚಿಕ್ಕದಾದಷ್ಟೂ ಅಳತೆ ಸೂಕ್ಷ್ಮವಾಗಿರಬೇಕು. ಮನೆಯ ಜಮಾಖರ್ಚು ಬರೆಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸಂಬಳದಲ್ಲಿ ನೂರಕ್ಕೆ ಐದು ತಪ್ಪಿದರೆ, ತಿಂಗಳ ಕೊನೆಯ ಉಳಿತಾಯದಲ್ಲಿ ಅದು ಎಷ್ಟಾಗಿ ಕಾಣುತ್ತದೆಂಬುದು ಅವರಿಗೆ ಗೊತ್ತು.

ಈ ಉಳಿಕೆಯ ಲೆಕ್ಕ ತಗಡು ಕತ್ತರಿಸುವವರ ಲೆಕ್ಕವೂ ಹೌದು. ೨೮ ಸೆಂಟಿಮೀಟರಿನ ಚೌಕ ತಗಡಿನಿಂದ ಡಬ್ಬಿಯ ಮುಚ್ಚಳಗಳನ್ನು ಕತ್ತರಿಸಬೇಕೆಂದಿಟ್ಟುಕೊಳ್ಳಿ. ತಗಡು ೭೮೪ ಚದರ ಸೆಂಟಿಮೀಟರ್. ಒಂದೇ ದೊಡ್ಡ ಮುಚ್ಚಳ ಕತ್ತರಿಸಿದರೆ ಅದು ೬೧೬, ವ್ಯರ್ಥವಾಗುವುದು ೧೬೮. ಚಿಕ್ಕ ಮುಚ್ಚಳಗಳಾದರೆ ವ್ಯರ್ಥ ಕಡಿಮೆಯಾದೀತೆ? ೧೪ ಸೆಂಟಿಮೀಟರ್ ವ್ಯಾಸದವು ನಾಲ್ಕು ಬರುತ್ತವೆ. ಒಂದೊಂದು ೧೫೪, ನಾಲ್ಕಕ್ಕೆ ಮತ್ತೆ ೬೧೬. ೭ ಸೆಂಟಿಮೀಟರ್ ವ್ಯಾಸದವು ಹದಿನಾರು; ಒಂದೊಂದು ೩೮.೫, ಹದಿನಾರಕ್ಕೆ ಮತ್ತೆ ಅದೇ ೬೧೬. ಮುಚ್ಚಳ ಎಷ್ಟು ಚಿಕ್ಕದಾದರೂ, ನೆಟ್ಟಗೆ ಸಾಲಾಗಿ ಇಟ್ಟು ಕತ್ತರಿಸಿದರೆ ನೂರಕ್ಕೆ ಇಪ್ಪತ್ತೊಂದಕ್ಕೂ ಸ್ವಲ್ಪ ಹೆಚ್ಚು ತಗಡು ವ್ಯರ್ಥವೇ.

ಹಾಗಾದರೆ ಉಳಿಸುವ ದಾರಿಯೇ ಇಲ್ಲವೆ? ಇದೆ. ಒಂದು ಬಳೆಯನ್ನು ಬದಿಗಿಟ್ಟು ಮೂರನ್ನು ಮಾತ್ರ ಒಂದಕ್ಕೊಂದು ತಾಗಿಸಿ ಇಡಿ. ನಡುವಿನ ಸಂದು ಎಷ್ಟು ಕಿರಿದಾಯಿತು ನೋಡಿ. ಕೇಂದ್ರಗಳನ್ನು ಸೇರಿಸಿದರೆ ಸಮಬಾಹು ತ್ರಿಭುಜ. ಅದರೊಳಗೆ ಪ್ರತಿ ಬಳೆಯ ಆರನೆಯ ಒಂದು ಭಾಗ. ಮೂರೂ ಸೇರಿ ಅರ್ಧ ವೃತ್ತ. ಆದುದರಿಂದ ತ್ರಿಭುಜದಿಂದ ಅರ್ಧ ವೃತ್ತವನ್ನು ಕಳೆಯಬೇಕು. ಮಹಾವೀರಾಚಾರ್ಯರು ಇದನ್ನೂ ಹೇಳಿದ್ದಾರೆ. ೧೪ ಸೆಂಟಿಮೀಟರಿನ ಬಳೆಗಳಿಗೆ ತ್ರಿಭುಜ ಸುಮಾರು ೮೪.೯, ಅರ್ಧ ವೃತ್ತ ೭೭. ಸಂದು ಎಂಟಕ್ಕೂ ಸ್ವಲ್ಪ ಕಡಿಮೆ. ಮುಚ್ಚಳಗಳ ಒಂದು ಸಾಲಿನ ಸಂದುಗಳಲ್ಲಿ ಮುಂದಿನ ಸಾಲು ಕೂರುವಂತೆ, ಜೇನುಗೂಡಿನ ಕ್ರಮದಲ್ಲಿ ಗುರುತು ಹಾಕಿದರೆ, ವಿಶಾಲವಾದ ತಗಡಿನಲ್ಲಿ ವ್ಯರ್ಥವು ನೂರಕ್ಕೆ ಸುಮಾರು ಒಂಬತ್ತಕ್ಕೆ ಇಳಿಯುತ್ತದೆ. ಗೆರೆ ಎಳೆದ ಭಾಗ ಇಲ್ಲಿ ನಷ್ಟದ ಇನ್ನೊಂದು ಹೆಸರು. ಅದನ್ನು ಅಳೆಯಬಲ್ಲವನು ಅದನ್ನು ಕಡಿಮೆಯೂ ಮಾಡಬಲ್ಲ.

ಇಲ್ಲಿಯವರೆಗೆ ಕಳೆಯುವ ಮಾತಾಯಿತು. ಇನ್ನು ಎರಡು ಸಲ ಎಣಿಸುವ ಮಾತು. ರಂಗೋಲಿಯಲ್ಲಿ ಎಲೆಯ ಆಕಾರವನ್ನು ನೀವೆಲ್ಲ ನೋಡಿದ್ದೀರಿ. ಎರಡು ಬಿಲ್ಲುಗಳು ಎದುರುಬದುರಾಗಿ ಕೂಡಿದ ಆಕಾರ. ಮಹಾವೀರಾಚಾರ್ಯರ ಜವೆಕಾಳೂ ಇದೇ ಜಾತಿಯದು. ೧೪ ಸೆಂಟಿಮೀಟರ್ ಬದಿಯ ಚೌಕವೊಂದನ್ನು ಬರೆದು, ಒಂದು ಮೂಲೆಯಲ್ಲಿ ಕೈವಾರದ ಮುಳ್ಳನ್ನಿಟ್ಟು ೧೪ ಸೆಂಟಿಮೀಟರ್ ತ್ರಿಜ್ಯದಿಂದ ಕಾಲು ವೃತ್ತವನ್ನು ಎಳೆಯಿರಿ. ಎದುರಿನ ಮೂಲೆಯಿಂದಲೂ ಹಾಗೆಯೇ ಎಳೆಯಿರಿ. ನಡುವೆ ಎಲೆ ಮೂಡುತ್ತದೆ. ಇದರ ವಿಸ್ತೀರ್ಣ?

ಎರಡು ಕಾಲು ವೃತ್ತಗಳನ್ನು ಎರಡು ಬಟ್ಟೆಗಳೆಂದು ಭಾವಿಸಿ, ಚೌಕವನ್ನು ಒಂದು ಮೇಜೆಂದು ಭಾವಿಸಿ. ಒಂದೊಂದು ಬಟ್ಟೆ ೧೫೪. ಎರಡೂ ಸೇರಿ ೩೦೮. ಮೇಜು ಇರುವುದು ೧೯೬ ಮಾತ್ರ. ಬಟ್ಟೆಗಳು ಮೇಜಿನಿಂದ ಹೊರಕ್ಕೆ ಚಾಚಿಲ್ಲ, ಮೇಜಿನ ಯಾವ ಭಾಗವೂ ಬರಿದಾಗಿಲ್ಲ. ಹಾಗಾದರೆ ಹೆಚ್ಚಾದ ಬಟ್ಟೆ ಎಲ್ಲಿ ಹೋಯಿತು? ಒಂದರ ಮೇಲೊಂದು ಬಿದ್ದ ಕಡೆಯಲ್ಲಿ. ಅದೇ ಎಲೆ. ೩೦೮ರಲ್ಲಿ ೧೯೬ ಹೋದರೆ ೧೧೨. ನಿವೇಶನದ ಮೂಲೆಗಳಲ್ಲಿ ನಮ್ಮನ್ನು ತಪ್ಪು ದಾರಿಗೆ ಎಳೆದ ಎರಡು ಸಲದ ಎಣಿಕೆಯೇ ಇಲ್ಲಿ ಉತ್ತರವನ್ನು ಕೊಟ್ಟಿತು. ದೋಷವೆಂಬುದು ತಿಳಿದು ಮಾಡಿದರೆ ಉಪಾಯವಾಗುತ್ತದೆ.

ಮೂರನೆಯದಾಗಿ ಒಂದು ಆಶ್ಚರ್ಯದ ಚಿತ್ರ. ಇದು ಗ್ರೀಸ್ ದೇಶದ್ದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಕಿಯಾಸ್ ದ್ವೀಪದ ಹಿಪ್ಪೊಕ್ರಟೀಸನೆಂಬ ಗಣಿತಜ್ಞನಿದ್ದ. ಪ್ರಸಿದ್ಧ ವೈದ್ಯ ಹಿಪ್ಪೊಕ್ರಟೀಸನೇ ಬೇರೆ, ಇವನೇ ಬೇರೆ. ಸಮದ್ವಿಬಾಹು ಲಂಬಕೋನ ತ್ರಿಭುಜದ ಬದಿಗಳ ಮೇಲೆ ಕಮಾನುಗಳನ್ನು ಎಳೆದು, ಅವುಗಳ ನಡುವೆ ಮೂಡುವ ಬಾಲಚಂದ್ರನಂತಹ ಆಕೃತಿಯ ವಿಸ್ತೀರ್ಣವನ್ನು ಅವನು ಕಂಡುಹಿಡಿದ. ಸುಮಾರು ಸಾವಿರದ ಐನೂರು ವರ್ಷಗಳ ತರುವಾಯ ಅರಬ್ಬೀ ವಿದ್ವಾಂಸನಾದ ಇಬ್ನ್ ಅಲ್-ಹೈಥಮ್ ಅದನ್ನು ಎಲ್ಲ ಲಂಬಕೋನ ತ್ರಿಭುಜಗಳಿಗೂ ವಿಸ್ತರಿಸಿದ. ಆ ಚಿತ್ರವನ್ನೇ ಬರೆಯೋಣ.

ಬದಿಗಳು ೬, ೮, ೧೦ ಸೆಂಟಿಮೀಟರ್ ಇರುವ ಲಂಬಕೋನ ತ್ರಿಭುಜ. ಆರರ ಬದಿಯ ಮೇಲೆ ಹೊರಕ್ಕೆ ಒಂದು ಅರ್ಧವೃತ್ತ, ಎಂಟರ ಬದಿಯ ಮೇಲೆ ಹೊರಕ್ಕೆ ಇನ್ನೊಂದು. ಹತ್ತರ ಬದಿಯ ಮೇಲಿನ ಅರ್ಧವೃತ್ತವನ್ನು ಮಾತ್ರ ತ್ರಿಭುಜದ ಕಡೆಗೇ ಎಳೆಯಿರಿ. ಅದು ಲಂಬಕೋನದ ತುದಿಯನ್ನು ಸರಿಯಾಗಿ ಮುಟ್ಟಿಕೊಂಡು ಹೋಗುತ್ತದೆ. ಚಿಕ್ಕ ಕಮಾನುಗಳಿಗೂ ದೊಡ್ಡ ಕಮಾನಿಗೂ ನಡುವೆ ಎರಡು ಬಾಲಚಂದ್ರರು ಉಳಿಯುತ್ತಾರೆ. ಇವೆರಡರ ಒಟ್ಟು ವಿಸ್ತೀರ್ಣವೆಷ್ಟು?

ಅದೇ ಕ್ರಮ. ಇಡೀ ಚಿತ್ರವೆಂದರೆ ತ್ರಿಭುಜ ಮತ್ತು ಎರಡು ಚಿಕ್ಕ ಅರ್ಧವೃತ್ತಗಳು. ಅದರಲ್ಲಿ ಬಾಲಚಂದ್ರರನ್ನು ಬಿಟ್ಟು ಉಳಿದದ್ದು ದೊಡ್ಡ ಅರ್ಧವೃತ್ತ. ಲಂಬಕೋನ ತ್ರಿಭುಜದಲ್ಲಿ ಎರಡು ಬದಿಗಳ ವರ್ಗಗಳು ಕೂಡಿದರೆ ಕರ್ಣದ ವರ್ಗವಾಗುತ್ತದೆಂಬುದು ಬೌಧಾಯನ ಶುಲ್ಬಸೂತ್ರದ ಕಾಲದಿಂದ ನಮ್ಮವರಿಗೆ ತಿಳಿದ ತತ್ತ್ವ: ೩೬ಕ್ಕೆ ೬೪ ಕೂಡಿಸಿದರೆ ೧೦೦. ಚೌಕಗಳಿಗೆ ಹೇಗೋ ಅರ್ಧವೃತ್ತಗಳಿಗೂ ಹಾಗೆಯೇ. ಆದುದರಿಂದ ಎರಡು ಚಿಕ್ಕವು ಸೇರಿ ಒಂದು ದೊಡ್ಡದಕ್ಕೆ ಸಮ. ಕೂಡಿಸಿದಷ್ಟನ್ನೇ ಕಳೆದಂತಾಯಿತು. ಉಳಿದದ್ದು ತ್ರಿಭುಜ ಮಾತ್ರ. ೨೪ ಚದರ ಸೆಂಟಿಮೀಟರ್. ಬದಿಗಳೆಲ್ಲ ಬಾಗಿರುವ ಆಕೃತಿಯ ಅಳತೆಯಲ್ಲಿ ೨೨/೭ ಎಂಬುದರ ಸುಳಿವೇ ಇಲ್ಲ!

ಬಾಗಿದ ಬಾಲಚಂದ್ರನು ನೇರ ಗೆರೆಗಳ ತ್ರಿಭುಜಕ್ಕೆ ಸಮನಾದ ಮೇಲೆ, ಇಡೀ ವೃತ್ತಕ್ಕೂ ಸಮನಾದ ಚೌಕವನ್ನು ಅಳತೆಪಟ್ಟಿ, ಕೈವಾರಗಳಿಂದಲೇ ಬರೆಯಬಹುದೆಂಬ ಆಸೆ ಶತಮಾನಗಳ ಕಾಲ ಎಷ್ಟೋ ಜನರನ್ನು ದುಡಿಸಿತು. ಅದು ಸಾಧ್ಯವೇ ಇಲ್ಲವೆಂಬುದು ಖಚಿತವಾದದ್ದು ೧೮೮೨ರಲ್ಲಿ, ಜರ್ಮನಿಯ ಲಿಂಡೆಮನ್ನನ ಸಾಧನೆಯಿಂದ. ಶಾಲೆಯ ಪುಸ್ತಕದ ಒಂದು ಗೆರೆ ಎಳೆದ ಚಿತ್ರದ ಹಿಂದೆ ಇಷ್ಟು ದೊಡ್ಡ ಕಥೆಯಿದೆಯೆಂದು ಮಕ್ಕಳಿಗೆ ಹೇಳಿದರೆ, ಆ ಚಿತ್ರದ ಮೇಲಿನ ಭಯ ಸ್ವಲ್ಪ ಕಡಿಮೆಯಾದೀತು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದೆರಡು ಮಾತು. ಮಗು ಇಂತಹ ಲೆಕ್ಕದ ಮುಂದೆ ಕುಳಿತಾಗ ‘ಸೂತ್ರ ಹೇಳು’ ಎಂದು ಕೇಳಬೇಡಿ. ‘ಯಾವುದರಿಂದ ಯಾವುದನ್ನು ತೆಗೆದರೆ ಇದು ಉಳಿಯುತ್ತದೆ?’ ಎಂದು ಕೇಳಿ. ಅಂಕಿಗಳನ್ನು ಬರೆಯುವ ಮುಂಚೆ ಉತ್ತರವನ್ನು ಮಾತಿನಲ್ಲಿ ಹೇಳಲಿ: ‘ಚೌಕದಿಂದ ವೃತ್ತವನ್ನು ಕಳೆಯಬೇಕು’, ‘ಎರಡು ಕಾಲು ವೃತ್ತಗಳಿಂದ ಚೌಕವನ್ನು ಕಳೆಯಬೇಕು’. ಆ ಒಂದು ವಾಕ್ಯ ಬಂದರೆ ಲೆಕ್ಕದ ಮುಕ್ಕಾಲು ಪಾಲು ಮುಗಿದಂತೆ. ಉಳಿದದ್ದು ಗುಣಾಕಾರ ಭಾಗಾಕಾರ. ಅನಂತರ ಉತ್ತರವನ್ನು ಕಣ್ಣಿನಿಂದ ಪರೀಕ್ಷಿಸಲಿ. ಭಾಗವು ಇಡಿಯದಕ್ಕಿಂತ ದೊಡ್ಡದಾಗಬಾರದು. ಚಿತ್ರದಲ್ಲಿ ಕಾಲುಪಾಲಿನಂತೆ ಕಾಣುವುದು ಲೆಕ್ಕದಲ್ಲಿ ಮುಕ್ಕಾಲು ಬರಬಾರದು. ಪ್ರಶ್ನೆಯಲ್ಲಿ ಕೊಟ್ಟ ಅಳತೆ ವ್ಯಾಸವೋ ತ್ರಿಜ್ಯವೋ ಎಂಬುದನ್ನು ಎರಡು ಸಲ ನೋಡಿಕೊಳ್ಳಲಿ. ಗಣಿತ ಬರುವುದಿಲ್ಲವೆಂದು ಹೇಳುವ ಎಷ್ಟೋ ಮಕ್ಕಳಿಗೆ ನಿಜವಾಗಿ ಬಾರದೆ ಇರುವುದು ಈ ನಿಧಾನ ಮಾತ್ರ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ಬರೆದ. ಹೊಲ, ಮನೆಗಳ ಲೆಕ್ಕವನ್ನು ನಮ್ಮ ಮಾತಿನಲ್ಲಿಯೇ ಹೇಳಿಕೊಳ್ಳುವುದು ನಮಗೆ ಹೊಸತಲ್ಲ. ಆ ಧೈರ್ಯದಿಂದ ಈ ರಾತ್ರಿ ಊಟದ ಹೊತ್ತಿಗೆ ಮಕ್ಕಳ ಮುಂದೆ ಇಡಬಹುದಾದ ಒಂದು ಲೆಕ್ಕವನ್ನು ಹೇಳಿ ಮುಗಿಸುತ್ತೇನೆ.

ಉದ್ಯಾನದಲ್ಲಿ ಒಂದು ದುಂಡನೆಯ ಕೊಳ. ಅದರ ಸುತ್ತ ಒಂದೇ ಅಗಲದ ಕಾಲುಹಾದಿ. ನಡುವೆ ನೀರಿರುವುದರಿಂದ ಕೇಂದ್ರಕ್ಕೆ ಹೋಗಿ ಅಳೆಯುವಂತಿಲ್ಲ. ಮಾಲಿಯು ಹಾದಿಯ ಹೊರ ಅಂಚಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಡುವೆ ಕೊಳದ ಅಂಚನ್ನು ಮುಟ್ಟಿಯೂ ಮುಟ್ಟದಂತೆ, ಒಂದು ಹಗ್ಗವನ್ನು ನೆಟ್ಟಗೆ ಎಳೆದ. ಹಗ್ಗದ ಉದ್ದ ೧೪ ಮೀಟರ್. ಇಷ್ಟೇ ಗೊತ್ತಿರುವುದು. ಕೊಳ ಎಷ್ಟು ದೊಡ್ಡದು, ಹಾದಿ ಎಷ್ಟು ಅಗಲ ಎಂಬುದನ್ನು ನಾನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹಾದಿಯ ವಿಸ್ತೀರ್ಣ ೧೫೪ ಚದರ ಮೀಟರ್. ಏಕೆಂಬುದನ್ನು ನಿಮ್ಮ ಮಕ್ಕಳು ಹೇಳಲಿ. ದೊಡ್ಡ ವೃತ್ತದಿಂದ ಚಿಕ್ಕ ವೃತ್ತವನ್ನು ಕಳೆಯಬೇಕು. ಹಗ್ಗದ ಅರ್ಧ, ಎರಡು ತ್ರಿಜ್ಯಗಳು, ಇವು ಮೂರೂ ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತವೆ. ಇಷ್ಟು ಸುಳಿವು ಸಾಕು.